ಭಾವ ಆಡದ ಮಾತು

“ಮಿಸ್, ಬೈದಿದ್ದನ್ನೂ ಹಾಗೇ ರಿಪೋರ್ಟ್ ಮಾಡ್ಬೇಕಾ?”

ಕಳೆದ ಶನಿವಾರ ಚಿಂತಾಮಣಿಯ ನನ್ನ ಹತ್ತನೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಪಾಠ, ಇಂಗ್ಲಿಷ್ ಗ್ರಾಮರ್‌ನ ರಿಪೋರ್ಟೆಡ್ ಸ್ಪೀಚ್. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ದಾಟಿಸುವಾಗ ಕಾಲ ಬದಲಾಗಬಹುದು, ‘ನಾನು’ ಹೋಗಿ ‘ಅವನು’ ಬರಬಹುದು, ಅರ್ಥ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಬಾರದು ಅಂತ ಆಗಷ್ಟೇ ಹೇಳಿದ್ದೆ. “ಬೈಗುಳವೂ ಹಾಗೇ ಕಣಮ್ಮ” ಅಂದೆ. (ಮಾರ್ಕ್ಸ್ ಕೊಡುವ ಕೈ ಇದ್ದರೆ ಮಾತಿಗೆ ಎಂಥ ಧೈರ್ಯ ನೋಡಿ!)

ಮಾರನೇ ದಿನ ಕೆಂಚಾರ್ಲಹಳ್ಳಿಯ ಅಕ್ಕನ ಮನೆಗೆ ಹೋದೆ. ರೇಷ್ಮೆ ಸಾಕುವ ಮನೆ. ಹುಳ ಹಣ್ಣಾಗಿದ್ದವು. ಅಂದರೆ, ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ತಲೆ ಎತ್ತಿಕೊಂಡಿದ್ದವು. ಕೂಡಲೇ ಅವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಗೂಡು ಸುತ್ತಿಕೊಳ್ಳುತ್ತವೆ. ಅಷ್ಟು ದಿನದ ದುಡಿಮೆ ಮಣ್ಣುಪಾಲು.

ಚಂದ್ರಿಕೆಗಳು ಎಲ್ಲಿದ್ದವು? ಅಂಗಳದಾಚೆ, ಭಾವನ ತಮ್ಮ ಮಂಜನ ಶೆಡ್ಡಿನಲ್ಲಿ. ಅಣ್ಣತಮ್ಮಂದಿರು ಅವನ್ನು ಸರದಿಯಲ್ಲಿ ಬಳಸುತ್ತಾರೆ. ಆದರೆ ಯುಗಾದಿಯಿಂದ ಇಬ್ಬರಿಗೂ ಮಾತಿಲ್ಲ. ಮಂಜ ಹೇಳದೆ ಕೇಳದೆ ತನ್ನ ಟೊಮೇಟೊಗೆ ಔಷಧಿ ಹೊಡೆದ, ಗಾಳಿ ಭಾವನ ಹಿಪ್ಪುನೇರಳೆ ಕಡೆ ಬೀಸಿತು, ಆ ಸೊಪ್ಪು ತಿಂದ ಹುಳ ಸತ್ತವು. ಅಂದಿನಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಅಕ್ಕನ ಬಾಯಿಂದಲೇ ಹೋಗಬೇಕು.

“ವಾಡಿಕಿ ಚೆಪ್ಪು!” ಭಾವ ಗುಡುಗಿದರು. (ಸಿಟ್ಟು ಬಂದರೆ ಅವರಿಗೆ ತೆಲುಗು ಬರುತ್ತದೆ.) “ಹೋಗಿ ಹೇಳು ಅವನಿಗೆ. ಚಂದ್ರಿಕೆ ಮಾಡಿಸಿದ್ದು ನಮ್ಮಪ್ಪ, ಅವರಪ್ಪ ಅಲ್ಲ ಅಂತ!”

ಇಬ್ಬರಿಗೂ ಅಪ್ಪ ಒಬ್ಬರೇ ಅಂತ ನೆನಪಿಸುವ ಸಮಯ ಅದಲ್ಲ. ಅಕ್ಕ ಹೊರಟಳು, ಹಿಂದೆಯೇ ನಾನು.

ಮಂಜ ಜಗಲಿ ಮೇಲೆ ಕೂತಿದ್ದ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಮಂಜಪ್ಪಾ, ಊಟ ಆಯ್ತಾ ಕೇಳ್ಕೊಂಡು ಬಾ ಅಂದ್ರು ನಿಮ್ಮಣ್ಣ. ಹುಳ ಹಣ್ಣಾಗವೆ, ಚಂದ್ರಿಕೆ ಬೇಕಂತಪ್ಪ” ಅಂದಳು.

ನಾನು ಬೆಪ್ಪಾದೆ. ಎಲ್ಲಿಯ ಅಪ್ಪ, ಎಲ್ಲಿಯ ಊಟ! ನನ್ನ ಕ್ಲಾಸಿನಲ್ಲಾಗಿದ್ದರೆ ಸೊನ್ನೆ.

ಮಂಜ ಅಕ್ಕನ ಮುಖವನ್ನೇ ನೋಡಿದ. “ನಮ್ಮಣ್ಣ ಕೇಳಿದ್ನಾ?”

“ಹ್ಞೂ ಕಣಪ್ಪ.”

ವಾಪಸ್ ಬರುವಾಗ, “ಭಾವ ಹಾಗೆ ಹೇಳಲೇ ಇಲ್ವಲ್ಲೇ” ಅಂತ ಪಿಸುಗುಟ್ಟಿದೆ.

“ಸುಮ್ನಿರೇ. ಸಿಕ್ಕಾಕ್ಕೊಂಡ್ರೆ ಇಬ್ರೂ ನನ್ನ ನಂಬಲ್ಲ. ಆಮೇಲೆ ಈ ಮನೇಲಿ ಇರೋ ಒಂದ್ ಮಾತೂ ನಿಂತೋಗುತ್ತೆ” ಅಂದಳು. ನನಗೂ ಭಯವಾಯಿತು.

ಚಂದ್ರಿಕೆಗಳನ್ನು ಅಂಗಳದಲ್ಲಿಟ್ಟು ಹೋಗುತ್ತಾನೆ ಅಂದುಕೊಂಡಿದ್ದೆವು. ಮಂಜ ಹಾಗೆ ಮಾಡಲಿಲ್ಲ. ಅವನ್ನು ಬಾಗಿಲಲ್ಲಿಳಿಸಿ, ಕಾಲು ತೊಳೆದುಕೊಂಡು, ಹುಳದ ಮನೆ ಒಳಗೇ ಬಂದ. ಸೀದಾ ಭಾವನ ಎದುರು ನಿಂತ.

“ಊಟ ಆಯ್ತಾ ಅಂತ ಕೇಳಿದ್ಯಂತಲ್ಲಣ್ಣ?”

ಭಾವ ಅಕ್ಕನನ್ನು ನೋಡಿದರು. ಅಕ್ಕ ಹುಳದ ತಟ್ಟೆ ನೋಡಿದಳು. ನಾನು ಸೂರು ನೋಡಿದೆ. ಭಾವ ‘ಇಲ್ಲ’ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹುಳವೂ, ಅಕ್ಕನ ಮೇಲಿನ ನಂಬಿಕೆಯೂ.

ಭಾವ ಗಂಟಲು ಸರಿಮಾಡಿಕೊಂಡರು. “ಹ್ಞೂ. ಕೇಳ್ದೆ.” ತಟ್ಟೆಯಿಂದ ಒಂದು ಹುಳ ಎತ್ತಿಕೊಂಡು, “ಆಯ್ತಾ?”

“ಇಲ್ಲ.”

“ಹುಳ ಬಿಟ್ಟಾದ್ಮೇಲೆ ಇಲ್ಲೇ ಉಣ್ಣು.”

ಎಲ್ಲರೂ ಕೂತು ಹುಳ ಆರಿಸಿದೆವು. ಎಲ್ಲ ಸರಿಹೋಯಿತು ಅಂತ ಹೇಳಲಾರೆ, ಊಟಕ್ಕೆ ಕೂತಾಗಲೂ ಇಬ್ಬರ ಮುಖ ಬಿಗಿದೇ ಇತ್ತು. ಮುದ್ದೆ ಮುರಿಯುತ್ತಾ ಮಂಜ ಅಂದ: “ಇನ್ಮೇಲೆ ಔಷಧಿ ಹೊಡೆಯೋಕ್ ಮುಂಚೆ ಹೇಳ್ತೀನಣ್ಣ.” ಅಕ್ಕನಿಗಲ್ಲ, ಅಣ್ಣನಿಗೇ ಅಂದ. ಅಕ್ಕ ಸಾರು ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಆಡದ ಮಾತನ್ನು ದಾಟಿಸಿದಳು. ಅದು ಆಮೇಲೆ ಆಡಿದ ಮಾತಾಯಿತು. ಇದನ್ನು ಯಾವ ರೂಲ್‌ಗೆ ಸೇರಿಸಲಿ?

ಸೋಮವಾರ ಕ್ಲಾಸಿನಲ್ಲಿ ಆ ಹುಡುಗಿಯನ್ನು ಕರೆದು, “ನೋಡಮ್ಮ, ಪರೀಕ್ಷೇಲಿ ಮಾತ್ರ ಬೈಗುಳಾನೂ ಹಾಗೇ ಬರೀಬೇಕು” ಅಂದೆ.

“ಮನೇಲಿ, ಮಿಸ್?” ಅಂದಳು, ತಕ್ಷಣ.

ಇವಳ ಮನೆಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೋ?