ಕೂಡಿ ಹಾಡಬಾರದಿದ್ದ ಪದ

ಬೆಳಗಿನ ಆರಕ್ಕೆ ಬೆಂಗಳೂರು ಬಿಡಬೇಕಾಗಿದ್ದ ಬಸ್ಸು ಏಳಕ್ಕೆ ಹೊರಟಿತು. ಹಿರಿಯೂರಿಗೆ ನೂರು ಮೈಲಿ, ಟಿಕೆಟ್ಟು ಎಂಟು ರೂಪಾಯಿ ಚಿಲ್ಲರೆ, ನನ್ನ ಪಾಲಿನ ಕಿಟಕಿಗೆ ಗಾಜಿಲ್ಲ. ತೊಡೆಯ ಮೇಲೆ ಒಂದು ಚೀಲ. ಅದರೊಳಗೆ ಒಂದು ಗ್ರಾಮಫೋನ್ ಪ್ಲೇಟು, ಒಂದು ಛಾಪಾ ಕಾಗದ, ಹೆಬ್ಬೆಟ್ಟು ಒತ್ತಿಸಲು ಮಸಿ ಪ್ಯಾಡು, ಒಂದು ಜೊತೆ ಬಟ್ಟೆ. ಜನ ಪುಣ್ಯಕ್ಕೋ ವ್ಯಾಪಾರಕ್ಕೋ ಪ್ರವಾಸ ಹೋಗುತ್ತಾರೆ, ನಾನು ಹೊಟ್ಟೆಕಿಚ್ಚಿಗೆ ಹೊರಟಿದ್ದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆ ಪ್ಲೇಟಿನ ಮೇಲೆ ‘ಸಾಹಿತ್ಯ, ಸಂಗೀತ, ಗಾಯನ: ವಸಂತ’ ಎಂದು ಅಚ್ಚಾಗಿತ್ತು. ವಸಂತ ನಮ್ಮ ತಂಡದ ಹಾಡುಗಾರ, ಹೆಗಲವರೆಗೆ ಕೂದಲು ಬಿಟ್ಟವನು. ನಾನು ಗಿಟಾರಿನವನು. ಇನ್ನಿಬ್ಬರು ಡ್ರಮ್ಮು, ಬೇಸು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಇಂಥ ತಂಡಗಳು ಬೀದಿಗೊಂದಿದ್ದವು, ಎಲ್ಲವೂ ಇಂಗ್ಲಿಷ್ ಹಾಡನ್ನೇ ಹಾಡುತ್ತಿದ್ದವು. ನಾವು ಕನ್ನಡದಲ್ಲಿ ಒಂದು ರಾಕ್ ಹಾಡು ಮಾಡಿದೆವು: ನಿಧಾನದ್ದು, ವಿರಹದ್ದು. ಅದೊಂದೇ ನಮಗೆ ಹೆಸರು ತಂದದ್ದು. ನಮಗೆ ಎಂದೆನೇ? ವಸಂತನಿಗೆ. ಕಟ್ಟಿದವನು ನಾನು, ಕೊರಳಿಗೆ ಹಾರ ಬಿದ್ದದ್ದು ಅವನಿಗೆ.

ಎರಡನೆಯ ಸಲ ಪ್ಲೇಟು ಅಚ್ಚು ಹಾಕಿಸುವ ಮಾತು ಬಂದಾಗ ಜಗಳ ತೆಗೆದೆ. “ಹಾಡು ನಿನ್ನದು ಅನ್ನೋದಕ್ಕೆ ಸಾಕ್ಷಿ ಏನು?” ಎಂದ ವಸಂತ. “ನನ್ನದೂ ಅಲ್ಲ, ನಿನ್ನದೂ ಅಲ್ಲ. ಯಾರದ್ದು ಅಂತ ಹೆಬ್ಬೆಟ್ಟು ಒತ್ತಿಸಿಕೊಂಡು ಬರ್ತೀನಿ, ನೋಡ್ತಿರು” ಎಂದು ಬಾಗಿಲು ಬಡಿದುಕೊಂಡು ಬಂದೆ. ನ್ಯಾಯಕ್ಕಾಗಿ ಹಾಗೆ ಮಾಡಿದೆನೆಂದು ಆಗ ನಾನೇ ನಂಬಿದ್ದೆ. ನನ್ನ ಹೆಸರು ಬಾರದಿದ್ದರೂ ಚಿಂತೆಯಿಲ್ಲ, ಅವನದು ಹೋಗಬೇಕು, ಅಷ್ಟೇ ಇದ್ದದ್ದು.

ಹಿರಿಯೂರಿನಲ್ಲಿ ಇಳಿದಾಗ ಹನ್ನೆರಡೂವರೆ. ಬಿಸಿಲು ನೆತ್ತಿ ಸುಡುತ್ತಿತ್ತು. ಮುದ್ದೆ, ಹುರುಳಿಕಾಳು ಸಾರು ಉಂಡೆ. ಸಾರು ಖಾರ, ಆದರೆ ಅಪ್ಪಟ. ಹೊಸದುರ್ಗದ ಬಸ್ಸಿಗೆ ಎರಡು ಗಂಟೆ ಕಾದೆ. ಬಸ್ಸು ಸಿಕ್ಕಿದ ಮೇಲೆ ಕಂಡಕ್ಟರು ಟಿಕೆಟ್ಟು ಹರಿಯುತ್ತ ನಮ್ಮ ಹಾಡನ್ನೇ ಗುನುಗುತ್ತಿದ್ದ. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಯಾರ ಹಾಡು ಎಂದು ಕೇಳಿದೆ. “ಯಾರೋ ವಸಂತ ಅಂತೆ ಕಣ್ರಿ. ಪ್ಯಾಟೆಯೋನಾದ್ರೂ ನಮ್ ಕಡೆ ದನಿ ಐತೆ ನೋಡ್ರಿ ಅದ್ರಾಗೆ” ಎಂದ. ಉಬ್ಬಿದ ಎದೆ ಅಲ್ಲೇ ಇಳಿಯಿತು.

ಆ ರಾತ್ರಿ ಹೊಸದುರ್ಗದ ಲಾಡ್ಜಿನಲ್ಲಿ ತಿಗಣೆಗಳ ಜೊತೆ ಕಳೆದು, ಮರುದಿನ ಮೊದಲ ಬಸ್ಸಿಗೆ ಹಾಲುರಾಮೇಶ್ವರಕ್ಕೆ ಹೋದೆ. ಅಲ್ಲಿಂದ ಒಳಗಿನ ಹಟ್ಟಿಗೆ ಮೂರು ಮೈಲಿ ಕಾಲುದಾರಿ. ಕೆಂಪು ಮಣ್ಣು, ಕುರುಚಲು ಗುಡ್ಡ, ಅಲ್ಲಲ್ಲಿ ಕಡಲೆಕಾಯಿ ಹೊಲ. ನಡೆಯುತ್ತ ಎರಡು ವರ್ಷದ ಹಿಂದಿನದನ್ನೆಲ್ಲ ನೆನೆದೆ.

ಆಗ ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಬಾರಿಸಿ ವಾಪಸಾಗುವಾಗ, ವ್ಯಾನಿನ ಡ್ರೈವರು ಹಾಲುರಾಮೇಶ್ವರಕ್ಕೆ ಹರಕೆ ಇದೆ ಎಂದು ಹಠ ಹಿಡಿದ. ದಾರಿ ತಪ್ಪಿ, ಈ ಹಟ್ಟಿಯ ಹತ್ತಿರ ವ್ಯಾನಿನ ಸ್ಪ್ರಿಂಗು ಪಟ್ಟಿ ಮುರಿಯಿತು. ಕುರಿ ಸಾಕುವವರ ಹಟ್ಟಿ. ನಾಲ್ಕು ಜನ ಉದ್ದ ಕೂದಲಿನವರನ್ನು ಕಂಡು ನಾಯಿಗಳು ಬೊಗಳಿದವು, ಮನುಷ್ಯರು ಮಾತ್ರ ಮಜ್ಜಿಗೆ ಕೊಟ್ಟರು. ಸಂಜೆ ಈರಕ್ಕ ಎನ್ನುವ ಹೆಂಗಸು ಹೊಸ್ತಿಲಲ್ಲಿ ಕೂತು ಉಣ್ಣೆ ನೂಲುತ್ತ ಹಾಡಿದಳು. ಆಕೆಯ ಗಂಡ ಮಂದೆ ಹೊಡೆದುಕೊಂಡು ಹೋಗಿ ವರ್ಷವಾಗಿತ್ತು. ಜೊತೆಗೆ ಹೋದವರು ಮರಳಿದ್ದರು, ಅವನು ಬಂದಿರಲಿಲ್ಲ.

ಕಣಿವೆ ದಾಟಿ ಹೋದವನೆ, ಬಿಳಿಗಿವಿ ಟಗರಿನವನೆ,
ಒಲೆಯ ಮ್ಯಾಲೆ ಎಸರು ಐತೆ, ಎಷ್ಟು ಹೊತ್ತು ಇರಿಸಲಿ?

ಗಂಡನ ಹೆಸರು ಹೇಳುವಂತಿಲ್ಲ. ಅದಕ್ಕೆ ಅವನ ಟಗರಿನ ಗುರುತು. ನಾನು ಕಂಬಳಿಯ ಮರೆಯಲ್ಲಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದೆ. ಕೇಳಬೇಕು ಎಂದು ಅನಿಸಲೇ ಇಲ್ಲ. ಹೊಲದ ಬದುವಿನಲ್ಲಿ ಬಿದ್ದ ಹೂ ಎತ್ತಿಕೊಂಡ ಹಾಗೆ ಎತ್ತಿಕೊಂಡೆ.

ಬೆಂಗಳೂರಿಗೆ ಬಂದು ಅದನ್ನು ಗಿಟಾರಿಗೆ ಕೂರಿಸಲು ಒಂದು ತಿಂಗಳು ಹಿಡಿಯಿತು. ಆಕೆಯ ರಾಗ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು, ನಮ್ಮ ಡ್ರಮ್ಮಿಗೆ ಎಣಿಕೆ ಬೇಕು. ಎಳೆದೆ, ಕತ್ತರಿಸಿದೆ, ಸಮ ಮಾಡಿದೆ. ಮಾತು ಹೆಚ್ಚುಕಡಿಮೆ ಹಾಗೇ ಉಳಿಸಿದೆ. ಏನೋ ಕೊರತೆ ಎನ್ನಿಸುತ್ತಿತ್ತು. ಒಂದು ದಿನ ಹೊಳೆಯಿತು: ಮೊದಲ ನುಡಿ ವಸಂತ ಒಬ್ಬನೇ ಹಾಡಲಿ, ಎರಡನೆಯದಕ್ಕೆ ನಾಲ್ವರೂ ದನಿ ಕೂಡಿಸೋಣ. ಅಲ್ಲಿಗೆ ಹಾಡಿಗೆ ಜೀವ ಬಂತು. ಆ ಜಾಗ ಬಂದಾಗ ಕಾಲೇಜು ಹುಡುಗರು ಎದ್ದು ನಿಲ್ಲುತ್ತಿದ್ದರು. ಕೋರಸ್ಸಿನ ಯೋಚನೆ ನನ್ನದು. ಅದನ್ನಂತೂ ವಸಂತನೂ ಅಲ್ಲಗಳೆಯುವುದಿಲ್ಲ.

ಹಟ್ಟಿ ತಲುಪಿದಾಗ ಹತ್ತು ಗಂಟೆ. ಈರಕ್ಕನ ಗಂಡನ ಅಣ್ಣ ಚಿತ್ತಯ್ಯ ಜಗುಲಿಯ ಮೇಲೆ ಉಣ್ಣೆ ಬಿಡಿಸುತ್ತ ಕೂತಿದ್ದ. ಗುರುತು ಹಿಡಿದ. “ಗಾಡಿ ಮುರ್ಕಂಡು ಬಂದಿದ್ರಲ್ಲ? ಬರ್ರಿ, ಕುಂತ್ಕಳ್ರಿ” ಎಂದ. ಮಾತಿನಲ್ಲಿ ಬಿಸುಪಿರಲಿಲ್ಲ. ಒಳಗಿನಿಂದ ಈರಕ್ಕ ಮಜ್ಜಿಗೆಯ ಚೊಂಬು ತಂದಿಟ್ಟಳು. ಎರಡು ವರ್ಷದ ಹಿಂದೆ ನೂಲುವಾಗ ಮೊಣಕೈವರೆಗೆ ಹಸಿರು ಬಳೆ ಗಲಗಲ ಎನ್ನುತ್ತಿದ್ದ ಕೈ ಈಗ ಬೋಳು. ಹಣೆಯೂ ಬೋಳು. ಚೊಂಬು ಮುಟ್ಟಲು ನನಗೆ ಕೈ ಬರಲಿಲ್ಲ.

“ಅಯ್ಯೋ, ಯಾವಾಗ ಆಯ್ತು?” ಎಂದೆ.

ಚಿತ್ತಯ್ಯ ನನ್ನನ್ನು ನೆಟ್ಟಗೆ ನೋಡಿದ. “ನೀವೇ ಹಾಡೀರಿ. ಈಗ ನಮ್ನ ಕೇಳ್ತೀರಲ್ಲ?”

ನನಗೆ ತಲೆಬುಡ ತಿಳಿಯಲಿಲ್ಲ. ಅವನು ಉಣ್ಣೆ ಬದಿಗಿಟ್ಟು ಹೇಳಿದ: “ನಮ್ ಹಟ್ಟೀಲಿ ಮಂದೆ ಹೊಡ್ಕಂಡು ಹೋದೋನ್ಗೆ ಅವನ ಹೆಂಡ್ತಿ ಒಬ್ಳೇ ಪದ ಹೇಳ್ತಾಳೆ. ಅದಕ್ಕೆ ಇನ್ನೊಬ್ರು ದನಿ ಕೂಡ್ಸಂಗಿಲ್ಲ. ಅವ್ನು ಸತ್ತ ಅಂತ ಸುದ್ದಿ ಬಂದ್ರೆ ಮಾತ್ರ ಎಲ್ಲ ಕುಂತು ದನಿ ಕೂಡಿಸ್ತಾರೆ. ಅಲ್ಲಿಗೆ ಆ ಪದ ಮುಗೀತು, ಅವ್ನೂ ಮುಗುದ. ಹೊಳಲ್ಕೆರೆ ಸಂತೇಲಿ ಹೋಟ್ಲು ಮುಂದೆ ನಿಂತಿದ್ದೆ. ಮೈಕಿನಾಗೆ ಬಿಳಿಗಿವಿ ಟಗರು ಅಂತ ಕೇಳ್ತು. ಇದು ನಮ್ ತಮ್ಮಂದೇ ಪದ ಅಂದೆ. ಮೊದ್ಲು ಒಬ್ಬ ಹಾಡ್ದ. ಆಮ್ಯಾಲೆ ನಾಲ್ಕು ದನಿ ಕೂಡ್ತು. ರುಮಾಲು ತೆಗ್ದು ಅಲ್ಲೇ ನೆಲಕ್ಕೆ ಕುಂತೆ ಕಣ್ರಿ. ಈ ಪದ ಕೇಳಿದ್ದ ಹೊರಗ್ನೋರು ನೀವು ನಾಲ್ವರೇ, ಊರೂರು ತಿರುಗೋ ಜನ, ಹೆಣ ಕಂಡಿರ್ತೀರಿ, ಅದಕ್ಕೇ ಕೂಡಿ ಹಾಡೀರಿ ಅಂದ್ಕಂಡೆ.”

ಅವನು ಊರಿಗೆ ಬಂದು ಹೇಳಿದ. ಹಿರಿಯರು ಕೂತರು. ಹಟ್ಟಿಯ ಹೆಂಗಸರು ಈರಕ್ಕನ ಸುತ್ತ ಕೂತು ದನಿ ಕೂಡಿಸಿದರು. ತಿಥಿಯಾಯಿತು, ಬಳೆ ತೆಗೆಸಿದರು. ಎಲ್ಲ ಕ್ರಮವಾಗಿ ನಡೆದಿತ್ತು.

ನಾನು ಬಾಯಿ ತೆರೆಯುವ ಮುಂಚೆ ಈರಕ್ಕ ಹೊಸ್ತಿಲಿಗೆ ಬಂದು ಕೂತಳು. “ಎಲ್ಲಿ ಸತ್ತ ಹೇಳ್ರಣ್ಣ. ಮಣ್ಣು ಮಾಡಿದೋರು ಯಾರು? ಮೈಮ್ಯಾಲೆ ಕಂಬಳಿ ಇತ್ತಾ? ನೀವು ಒಂದಿನ ಬಂದು ಹೇಳ್ತೀರಿ ಅಂತ ನಂಗೊತ್ತಿತ್ತು. ನಾನು ಅತ್ತು ಮುಗ್ಸೀನಿ, ಹೆದ್ರಬ್ಯಾಡ್ರಿ, ಹೇಳ್ರಿ.”

ದೇವರೇ, ಆ ಗಳಿಗೆಯಲ್ಲಿ ನೆಲ ಬಿರಿದಿದ್ದರೆ ನೆಟ್ಟಗೆ ಇಳಿದುಬಿಡುತ್ತಿದ್ದೆ. ಹೇಳಿದೆ. ನಮಗೇನೂ ಗೊತ್ತಿಲ್ಲ, ನಿನ್ನ ಗಂಡನನ್ನು ನಾವು ಕಂಡೇ ಇಲ್ಲ, ನಿನ್ನ ಪದವನ್ನು ಪೆಟ್ಟಿಗೆಯಲ್ಲಿ ಕದ್ದು ತುಂಬಿಕೊಂಡು ಹೋದೆ, ನಾಲ್ಕು ಜನ ಹಾಡಿ ಪ್ಲೇಟು ಮಾಡಿಸಿದೆವು ಎಂದು ಎಲ್ಲ ಹೇಳಿದೆ.

“ಮತ್ತೆ ದನಿ ಯಾಕೆ ಕೂಡಿಸಿದ್ರಿ?” ಚಿತ್ತಯ್ಯ ಕೇಳಿದ.

“ಚಂದ ಕೇಳಿಸುತ್ತೆ ಅಂತ.”

“ಚಂದಕ್ಕಾ?”

“ಚಂದಕ್ಕೆ.”

ಅವನು ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. “ಮಜ್ಜಿಗೆ ಕೊಟ್ಟ ಮನೆ ಕಣ್ರಿ ಇದು. ಹೊಟ್ಟೆಗೆ ಅನ್ನ ತಿಂತೀರೋ ಇನ್ನೇನು ತಿಂತೀರೋ?” ಎಂದು ಬೇವಿನ ಮರದ ಕಡೆಗೆ ಹೋಗಿ ಬೆನ್ನು ಹಾಕಿ ನಿಂತ. ತಾನೇ ಸುದ್ದಿ ತಂದವನು.

ಊರ ಇಬ್ಬರು ಹಿರಿಯರನ್ನು ಕರೆಸಿದರು. ಅವರ ಮುಂದೆ ಇನ್ನೊಮ್ಮೆ ಎಲ್ಲ ಒಪ್ಪಿಕೊಂಡು, ಈಕೆ ಮುತ್ತೈದೆ, ಬಳೆ ತೊಡಿಸಿ ಎಂದು ಕೈಮುಗಿದೆ. ಅವರಲ್ಲಿ ಒಬ್ಬ ಎಲೆಯಡಿಕೆ ಉಗುಳಿ ಹೇಳಿದ: “ಏನಪ್ಪ, ನೀನು ಪ್ಯಾಟೇಲಿ ಹಾಡ್ದೆ ಅಂತ ಸಾಯಾದು, ಇಲ್ಲ ಅಂದೆ ಅಂತ ಬದುಕಾದು, ಹಂಗಾದೀತಾ? ತಿಥಿ ಉಂಡೀವಿ. ಉಂಡಿದ್ದನ್ನ ವಾಪಸ್ ತಗಳಾಕಾಗುತ್ತಾ? ಆತನೇ ಬಂದು ಈ ಕಟ್ಟೆ ಮುಂದೆ ನಿಲ್ಲಲಿ. ಅವತ್ತೇ ತೊಡ್ಸಾಣ.” ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಅದೇ ಇನ್ನಷ್ಟು ಉರಿಯಿತು.

ಛಾಪಾ ಕಾಗದವನ್ನು ಚೀಲದಿಂದ ತೆಗೆಯಲೇ ಇಲ್ಲ. ಯಾವ ಮುಖ ಹೊತ್ತು ತೆಗೆಯಲಿ? ಹೊರಟಾಗ ಈರಕ್ಕ ಹೊಲದ ಅಂಚಿನವರೆಗೆ ಬಂದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

“ಅಣ್ಣ, ಆತನ ಕೈಯಾಗಿದ್ದ ಮಂದೇಗೆ ರೋಗ ಬಿದ್ದು ಇಪ್ಪತ್ತು ಕುರಿ ಸತ್ವು. ತನ್ ಅಣ್ಣನ ಮುಖ ನೋಡಾಕೆ ನಾಚ್ಕಂಡು ಎಲ್ಲೋ ಕೂಲಿ ಮಾಡ್ತಾವ್ನೆ. ಇವತ್ತಲ್ಲ ನಾಳೆ ಬರಾನು. ಬದುಕವ್ನೆ ಅಂತ ನೀವು ಅಂದ ಮ್ಯಾಲೆ...”

“ನಾನು ಹಾಗೆ ಹೇಳಲಿಲ್ಲಕ್ಕ. ನನಗೆ ಗೊತ್ತಿಲ್ಲ ಅಂದೆ.”

“ಅದೇ ಸಾಕು ನಂಗೆ. ಆದ್ರೆ ಕೇಳ್ರಿ, ಆತನೂ ಸಂತೆಗಿಂತೆಗೆ ಹೋಗ್ತಾನಲ್ಲ? ಹೋಟ್ಲು ಮುಂದೆ ಆ ಪ್ಲೇಟು ಕೇಳ್ತಾನಲ್ಲ? ತನ್ ಟಗರು, ತನ್ ಪದ, ಅದಕ್ಕೆ ದನಿ ಕೂಡ್ಯಾವೆ. ಮನೇಲಿ ನನ್ ತಿಥಿ ಮಾಡಿ ಮುಗ್ಸ್ಯಾರೆ, ನನ್ ಹೆಂಡ್ತಿ ಬೇರೆಯೋನ ಕೈಲಿ ಸೀರೆ ಉಡಿಸ್ಕಂಡು ಮರುಮದ್ವಿ ಆಗ್ಯಾಳೆ ಅಂದ್ಕಳ್ಳಲ್ವಾ? ಆಮ್ಯಾಲೆ ಹಟ್ಟಿಗೆ ಯಾಕ್ ಬರ್ತಾನೆ? ಅದನ್ನ ನಿಲ್ಲಿಸ್ರಿ. ಇನ್ನೇನೂ ಬ್ಯಾಡ ನಂಗೆ.”

“ಆಯ್ತಕ್ಕ, ನಿಲ್ಲಿಸ್ತೀನಿ” ಎಂದೆ. ಪ್ಲೇಟು ಯಾವ ಯಾವ ಊರಿನ ಯಾವ ಯಾವ ಅಂಗಡಿಯಲ್ಲಿದೆ ಎಂದು ಅದನ್ನು ಮಾಡಿಸಿದವರಿಗೇ ತಿಳಿಯದು. ಆಕೆ ನಂಬಿದಳು. ನನ್ನ ಕೋರಸ್ಸನ್ನು ನಂಬಿ ಬಳೆ ತೆಗೆಸಿಕೊಂಡ ಆ ಹೆಂಗಸು ನನ್ನನ್ನು ನಂಬಿದ್ದು ಅದು ಎರಡನೆಯ ಸಲ.

ಹೊಳಲ್ಕೆರೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಅಲ್ಲಿ ಚಿತ್ತಯ್ಯ ನೆಲಕ್ಕೆ ಕೂತ ಹೋಟೆಲು ಯಾವುದೆಂದು ಹುಡುಕಿದೆ. ಬಸ್ ನಿಲ್ದಾಣದ ಸುತ್ತ ಮೂರು ಹೋಟೆಲಿದ್ದವು, ಮೂರಕ್ಕೂ ಮೈಕಿತ್ತು. ಒಬ್ಬ ಮಾಲೀಕನನ್ನು ಕೇಳಿದೆ. “ಐತಲ್ರಿ ಆ ಪ್ಲೇಟು, ಹಾಕ್ಲಾ?” ಎಂದ. ಬೇಡ ಎಂದು ಓಡಿಬಂದೆ.

ಚಿತ್ರದುರ್ಗ ತಲುಪಿದಾಗ ನಾಲ್ಕು ಗಂಟೆ. ಕೋಟೆಯ ಬಂಡೆಗಳು ಕಾದು ನಿಂತಿದ್ದವು. ಬೆಂಗಳೂರಿನ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ನಮ್ಮ ಹಾಡು ನಡೆದಿತ್ತು. ಈ ಸಲ ಓಡಲಿಲ್ಲ. ಒಂದು ಕಡೆಯಾದರೂ ನಿಲ್ಲಿಸೋಣ ಎಂದು ನೆಟ್ಟಗೆ ಮಾಲೀಕ ಕೂತಿದ್ದ ಗಲ್ಲೆಯ ಹತ್ತಿರ ಹೋದೆ. “ಸ್ವಾಮಿ, ಆ ಪ್ಲೇಟು ತೆಗೀರಿ, ಇನ್ನು ಮುಂದೆ ಹಾಕಬೇಡಿ.”

“ಯಾಕ್ರಿ? ಗಿರಾಕಿಗಳು ಕೇಳ್ತಾವ್ರೆ.”

“ಅದರಿಂದ ಒಬ್ಬರ ಮನೆ ಹಾಳಾಗಿದೆ.”

“ಹಾಡಿಂದ ಮನೆ ಹಾಳಾಗ್ತದೇನ್ರಿ? ತೆಗಿ ಅನ್ನಾಕೆ ನೀವ್ಯಾರು?”

ಸಿಟ್ಟು ನೆತ್ತಿಗೇರಿತು. “ಈ ಹಾಡು ಮಾಡಿದವನು ನಾನು!” ಎಂದು ಕೂಗಿದೆ.

ಎರಡು ವರ್ಷ ಬೆಂಗಳೂರಿನಲ್ಲಿ ಒಬ್ಬನೂ ನಂಬದ ಮಾತು. ಈ ಪುಣ್ಯಾತ್ಮ ಕೂಡಲೇ ನಂಬಿದ. ಗಲ್ಲೆ ಬಿಟ್ಟು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡ. “ಲೇ, ಇಲ್ ನೋಡ್ರೋ! ಹಾಡು ಮಾಡಿದ ಸಾಹೇಬ್ರು ನಮ್ ಹೋಟ್ಲಿಗೆ ಬಂದವ್ರೆ! ಕುರ್ಚಿ ತರ್ರಿ, ಮಿರ್ಚಿ ತರ್ರಿ!” ಜನ ಸುತ್ತುಗಟ್ಟಿದರು. ಬೇಡ, ಬೇಡ, ನಿಲ್ಲಿಸಿ ಎನ್ನುವ ನನ್ನ ಮಾತು ಅವರಿಗೆ ಸಂಕೋಚದಂತೆ ಕೇಳಿಸಿತು. ದೊಡ್ಡ ಮನುಷ್ಯರು ಹಾಗೇ ಅನ್ನುತ್ತಾರೆ ಎಂದು ಒಬ್ಬ ಮೆಚ್ಚಿಕೊಂಡ. ಮಾಲೀಕ ಗ್ರಾಮಫೋನಿನ ಮುಳ್ಳನ್ನು ಮತ್ತೆ ಮೊದಲಿಗೆ ಇಟ್ಟ. ಸಾಹೇಬರ ಗೌರವಕ್ಕೆಂದು ಮೈಕಿನ ಕೊಂಬನ್ನು ಬಸ್ ನಿಲ್ದಾಣದ ಕಡೆಗೆ ತಿರುಗಿಸಿ ದನಿ ಏರಿಸಿದ.

ದಾವಣಗೆರೆ, ಬಳ್ಳಾರಿ, ಶಿವಮೊಗ್ಗದ ಬಸ್ಸುಗಳು ಸಾಲಾಗಿ ನಿಂತಿದ್ದವು. ಕಿಟಕಿಗಳಿಂದ ಜನ ತಲೆ ಹೊರಗೆ ಹಾಕಿ ಕೇಳುತ್ತಿದ್ದರು. ಬೆಂಗಳೂರಿನ ಬಸ್ಸು ಹೊರಟಿತೆಂದು ಯಾರೋ ಕೂಗಿದರು, ಕೈ ಬಿಡಿಸಿಕೊಂಡು ಓಡಿ ಹತ್ತಿದೆ. ತಿರುಗಿ ನೋಡಿದೆ. ಎರಡನೆಯ ನುಡಿ ಬಂದಿತ್ತು. ಹೋಟೆಲಿನಲ್ಲಿದ್ದವರು, ಬಾಗಿಲಿನ ಹಮಾಲರು, ಗಲ್ಲೆಯ ಮಾಲೀಕ, ಎಲ್ಲರೂ ನನ್ನ ಕಡೆ ಕೈ ಬೀಸುತ್ತ ದನಿ ಕೂಡಿಸಿದರು.