ಚಿಗುರಿದ ಗೂಟ

ಹೋದ ವಾರ ಹಿತ್ತಲ ಬೇಲಿ ಸವರಿಸುತ್ತಿದ್ದೆ. ಆಳು ಕತ್ತಿ ಬೀಸಿದ ಕಡೆಯೆಲ್ಲ ಹಾಲುವಾಣದ ಹಸಿ ತೊಗಟೆಯ ವಾಸನೆ. ಹಳೆಯ ಸಿಟ್ಟು ಭಗ್ಗೆಂದು ಎದ್ದಿತು. ಐವತ್ತು ವರ್ಷ ದಾಟಿದರೂ ಆರದ ಸಿಟ್ಟು... ವಯಸ್ಸಾದ ಮೇಲೆ ಎಲ್ಲ ತಣ್ಣಗಾಗುತ್ತದೆ ಎನ್ನುವವರು ಸುಳ್ಳು ಹೇಳುತ್ತಾರೆ.

ಅರವತ್ತರ ದಶಕದ ಕೊನೆಯಲ್ಲಿ ನಾನು ತೀರ್ಥಹಳ್ಳಿ ಕಡೆಯಿಂದ ಸಾಗರದ ಈ ಮನೆಗೆ ಸೊಸೆಯಾಗಿ ಬಂದೆ. ಹಿತ್ತಲಿಗೆ ಬೇಲಿ ಇರಲಿಲ್ಲ. ನಾನು ಹಾಕಿದ ಹರಿವೆ, ಬಸಳೆಯನ್ನೆಲ್ಲ ಬೀದಿ ದನ ಮೇಯ್ದು ಹೋಗುತ್ತಿದ್ದವು. ಮಾವನವರಿಗೆ ಮುಳ್ಳುತಂತಿ ಹಾಕಿಸುವ ಆಸೆ.

"ನಮ್ಮ ಮಳೆಗೆ ತಂತಿ ತುಕ್ಕು ಹಿಡೀತದೆ ಅಣ್ಣಯ್ಯ, ಗಿಡದ ಬೇಲಿ ಹಾಕ್ಸಿ" ಅಂದವರು ಆಚೆಮನೆ ದೊಡ್ಡಮ್ಮ. ಗಂಡ ಹೋದ ಮೇಲೆ ಒಬ್ಬರೇ ಇದ್ದರು.

ಬೇಲಿಯ ಗೆರೆಯುದ್ದಕ್ಕೂ ನನ್ನನ್ನು ನಡೆಸಿ ಲೆಕ್ಕ ಹಾಕಿದ್ದೂ ಅವರೇ. ಬೀದಿ ಕಡೆಗೆ ಲಕ್ಕಿ ಗಿಡ, ಅದನ್ನು ದನ ಮೂಸುವುದಿಲ್ಲ. ಅವರ ಮನೆ ಕಡೆಗೆ ಹಾಲುವಾಣ, ಸೊಪ್ಪು ಕೊಟ್ಟಿಗೆಗೆ ಆಯಿತು. ತಮ್ಮ ಮರದಿಂದಲೇ ಗೂಟ ಕಡಿಸಿಕೊಟ್ಟರು. "ಒಂದ್ಸಲ ಚಿಗುರಿತು ಅಂದ್ರೆ ಕೈ ಹಚ್ಚಬೇಡ ಹುಡ್ಗಿ. ಚಿಗುರಿದ್ದನ್ನ ಕಿತ್ರೆ ಮನೆಗೆ ಒಳ್ಳೇದಲ್ಲ."

ಅವರು ಕೇಳಿದ್ದು ಒಂದೇ. ನಮ್ಮ ಬಾವಿಯ ಹತ್ತಿರ ಒಂದು ದಣಪೆ, ಅಡ್ಡ ಇಟ್ಟ ಗಳ ಸರಿಸಿ ದಾಟುವಷ್ಟು ಜಾಗ. ಅವರ ಬಾವಿ ಶಿವರಾತ್ರಿಗೆಲ್ಲ ಬತ್ತುತ್ತಿತ್ತು. ಅಲ್ಲಿಂದ ಮಳೆ ಹಿಡಿಯುವವರೆಗೆ ನಮ್ಮ ಬಾವಿಯೇ ಗತಿ. "ಅದಕ್ಕೆಂತ, ಬಿಡೋಣ" ಅಂದರು ಮಾವ. ದಣಪೆಗೆ ಮರ ಸಿಗುವ ತನಕ ಇರಲಿ ಎಂದು ಆ ಜಾಗಕ್ಕೂ ಎರಡು ಹಸಿ ಗೂಟ ಹೊಡೆಸಿದರು. ಮಳೆ ಬಿತ್ತು. ಎರಡೂ ಚಿಗುರಿದವು.

ಮುಂದಿನ ಬೇಸಿಗೆಯಲ್ಲಿ ದೊಡ್ಡಮ್ಮ ಖಾಲಿ ಕೊಡ ಹಿಡಿದು ಬೇಲಿಯಾಚೆ ನಿಂತು, ದಣಪೆ ಎಲ್ಲಿ ಎಂದು ಕೇಳಿದರು.

"ಚಿಗುರಿದ್ದನ್ನ ಕೀಳಬಾರ್ದು ಅಂತ ನೀನೇ ಹೇಳಿದ್ಯಲ್ಲ ಮಾರಾಯ್ತಿ!" ಮಾವ ಎಲೆಯಡಿಕೆ ಜಗಿಯುತ್ತ ನಕ್ಕರು. "ಬೀದಿ ಸುತ್ತಿ ಬಾ. ಯಾರು ಬೇಡ ಅಂದ್ರು?"

ಸೂರಿಗೆ ತಾಗಿತೆಂದು ಚಿಗುರಿ ನಿಂತ ನುಗ್ಗೆಯನ್ನು ಅದೇ ವಾರ ಕಡಿಸಿದ ಮನುಷ್ಯ! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಇದು ಮೋಸ ಎಂದು ನನಗೆ ಗೊತ್ತಿತ್ತು. ಕತ್ತಿ ಅಲ್ಲೇ ಗೋಡೆಗೆ ಸಿಕ್ಕಿಸಿತ್ತು. ನಾನು ಬಾಯಲ್ಲಿ ಕಡುಬು ಇಟ್ಟುಕೊಂಡವಳ ಹಾಗೆ ನಿಂತೆ. ಮಾವನವರಿಗೆ ಶಾಸ್ತ್ರದ ನೆವ, ನನಗೆ ಹೊಸ ಸೊಸೆ ಎಂಬ ನೆವ.

ಆ ಬೇಸಿಗೆಯೆಲ್ಲ ದೊಡ್ಡಮ್ಮ ಏರು ಹತ್ತಿ, ಬೀದಿ ಸುತ್ತಿ ನೀರು ಹೊತ್ತರು. ಮಂಡಿ ಊದಿಕೊಂಡಿತು. ಮಳೆಗೆ ಮೊದಲೇ ಮನೆಗೆ ಬೀಗ ಹಾಕಿ ಹೊಸನಗರದ ತಮ್ಮನ ಮನೆಗೆ ಹೊರಟರು. ಹೋಗುವ ಮುಂಚೆ ಬೇಲಿಯ ಹತ್ತಿರ ಬಂದು, "ಸೊಪ್ಪು ಚೆನ್ನಾಗಿ ಬಂದಿದೆ ಕಣೇ. ಹಾಲು ಕರೆಯೋ ದನಕ್ಕೆ ಹಾಕು" ಅಂದರು. ಒಂದು ಮಾತು ಬೈದಿದ್ದರೂ ಆಗಿತ್ತು... ಬೈಯಲಿಲ್ಲ. ತಮ್ಮನ ಮನೆಯಲ್ಲೇ ತೀರಿಕೊಂಡರೆಂದು ಆಮೇಲೆ ಯಾರೋ ಹೇಳಿದರು.

"ಈ ಎರಡು ಭಾರೀ ದಪ್ಪ ಆಗ್ಯಾವೆ ಅಮ್ಮ," ಎಂದ ಹೋದ ವಾರ ಬೇಲಿ ಸವರುತ್ತಿದ್ದ ಆಳು, ಬಾವಿಯ ಹತ್ತಿರ ನಿಂತು. "ಕೊಂಬೆ ಸವರ್ಲಾ?"

"ಬುಡ ಸಮೇತ ತೆಗಿ."

"ಚಿಗುರಿದ್ದಲ್ವಾ ಅಮ್ಮ, ಕೀಳಬಾರ್ದು..."

"ತೆಗಿ ಅಂದೆ!" ನನ್ನ ಕೂಗಿಗೆ ನಾನೇ ಬೆಚ್ಚಿದೆ.

ಸಂಜೆಯ ಹೊತ್ತಿಗೆ ಎರಡೂ ಉರುಳಿದವು. ಒಬ್ಬ ಹೆಂಗಸು ಕೊಡ ಹೊತ್ತು ದಾಟುವಷ್ಟು ಜಾಗ ಆಯಿತು. ಆಚೆ ಅವರ ಮನೆಯಿದ್ದಲ್ಲಿ ಈಗ ಹುಲ್ಲು ಬೆಳೆದ ಮಣ್ಣಿನ ದಿಬ್ಬ.

"ಹೀಗೇ ಬಿಟ್ರೆ ದನ ನುಗ್ತಾವೆ ಅಮ್ಮ. ಇಲ್ಲಿಗೆ ಎಂತ ನೆಡೋದು?" ಎಂದು ಕೇಳಿದ.

"ಏನೂ ಬೇಡ. ನುಗ್ಗಲಿ" ಅಂದೆ.