ಹುಲ್ಲಿನೊಳಗಿನ ಬೂಷ್ಟು, ಕೆಂಪಿಯ ಹಾಲು

ಕಳೆದ ಮಂಗಳವಾರ ಬೆಳಿಗ್ಗೆ ಹನಕೆರೆಯಿಂದ ಅಕ್ಕನ ಫೋನು. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ.

"ಲೇ, ನಿನ್ ಮಾತ್ ಕಟ್ಕಂಡು ಕೆಂಪಿ ಆಲು ಬತ್ತೋಯ್ತಾ ಅದೆ ಕಣ್ಲಾ!"

ಕೆಂಪಿ ಅಕ್ಕನ ಹಸು. ಕರು ಹಾಕಿ ತಿಂಗಳೂ ಆಗಿಲ್ಲ. ಅದು ಹಾಲು ಕೊಡದಿದ್ದರೆ ಮಂಡ್ಯದಲ್ಲಿ ಕೂತ ನಾನೇನು ಮಾಡಲಿ?

ಆದರೆ ತಪ್ಪು ನನ್ನದೇ.

ಪ್ರತಿ ಭಾನುವಾರ ಹನಕೆರೆಗೆ ಹೋಗುತ್ತೇನೆ. (ಅಕ್ಕನನ್ನು ನೋಡೋಕೆ ಅಂತ ಮನೆಯಲ್ಲಿ ಹೇಳುತ್ತೇನೆ. ಅಸಲಿಗೆ ಮುದ್ದೆ, ನಾಟಿಕೋಳಿ ಸಾರಿಗೆ.) ಫೋನು ಬರುವ ಮುಂಚಿನ ಭಾನುವಾರ ಅಕ್ಕ ಬದುವಿನ ಮೇಲೆ ಹುಲ್ಲು ಕುಯ್ಯುತ್ತಿದ್ದಳು. ನಾನು ನೆರಳಲ್ಲಿ ನಿಂತು, ಮೊಬೈಲಿನಲ್ಲಿ ಅರ್ಧ ಓದಿದ್ದನ್ನು ಪೂರ್ತಿ ಗತ್ತಿನಲ್ಲಿ ಹೇಳಿದೆ.

"ಅಕ್ಕ, ಹುಲ್ಲಿನ ಒಳಗೇ ಫಂಗಸ್ ಇರುತ್ತಂತೆ. ಅದೇ, ಬೂಷ್ಟು. ಕಣ್ಣಿಗೆ ಕಾಣಲ್ಲ. ಎಲ್ಲೋ ಫಾರಿನ್ನಲ್ಲಿ ಅಂಥ ಹುಲ್ಲು ತಿಂದ ದನ ಕುಂಟುತ್ತಂತೆ!"

ಇಷ್ಟು ಹೇಳಿ, ಉಂಡು ಬಂದೆ.

ನಮ್ಮ ಕಡೆ ಬೂಷ್ಟು ಹಿಡಿದ ಹುಲ್ಲನ್ನು ಯಾರೂ ದನಕ್ಕೆ ಹಾಕುವುದಿಲ್ಲ, ತಿಪ್ಪೆಗೆ ಎಸೆಯುತ್ತಾರೆ. ಅಕ್ಕನೂ ಅದನ್ನೇ ಮಾಡಿದ್ದಾಳೆ. ಹಸಿ ಹುಲ್ಲೆಲ್ಲ ತಿಪ್ಪೆಗೆ, ಕೆಂಪಿಗೆ ಬರೀ ಒಣಹುಲ್ಲು. ಹಾಲು ಕಮ್ಮಿಯಾಗದೆ ಇನ್ನೇನಾಗುತ್ತೆ? ಕರು ಕೆಚ್ಚಲು ಗುದ್ದಿ ಗುದ್ದಿ ಸುಸ್ತಾಗಿದೆ ಅಂತ ಅಕ್ಕ ಅಂದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

"ಏನೂ ಆಗಲ್ಲ, ಹಾಕಕ್ಕ" ಅಂದೆ.

"ಮೊನ್ನೆ ಒಂದ್ ಏಳ್ತೀಯ, ಇವತ್ತೊಂದ್ ಏಳ್ತೀಯ. ಮಡಗ್ಲಾ ಫೋನ!"

ಮದ್ದೂರಿನ ಗೆಳೆಯ ಸಲೀಂ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಅವನ ಕೈಕಾಲು ಹಿಡಿದೆ. ಅದೇ ಬದುವಿನ ಹುಲ್ಲು ತರಿಸಿಕೊಂಡು, ಸೀಳಿ, ನೀಲಿ ಬಣ್ಣ ಹಾಕಿ ಗಾಜಿನ ಮೇಲಿಟ್ಟ. ಗುರುವಾರ ಮೈಕ್ರೋಸ್ಕೋಪು ತಬ್ಬಿಕೊಂಡು ನನ್ನ ಬೈಕ್ ಹತ್ತಿದ.

ಕೊಟ್ಟಿಗೆ ಮುಂದಿನ ಜಗಲಿಯೇ ಲ್ಯಾಬು. ಅಕ್ಕ ಒಂದು ಕಣ್ಣು ಮುಚ್ಚಿ ಬಗ್ಗಿದಳು.

"ಊಂ ಕಣಪ್ಪ, ನೂಲ್ ನೂಲಾಗಿ ಅದೆ!"

"ಅದೇ ಅಕ್ಕ" ಅಂದ ಸಲೀಂ. "ಹುಲ್ಲು ಅದಕ್ಕೆ ಜಾಗ ಕೊಟ್ಟು ಊಟ ಹಾಕ್ತದೆ. ಎಷ್ಟೋ ಹುಲ್ಲಲ್ಲಿ ಅದೂ ಸುಮ್ನೆ ಕೂರಲ್ಲ. ಹುಳ ಬಂದ್ರೆ ಓಡಿಸ್ತದೆ, ಬಿಸಿಲಿಗೆ ಹುಲ್ಲು ಬಾಡದಂಗೆ ನೋಡ್ಕೊಳ್ತದೆ. ದನ ಕುಂಟೋದು ಚಳಿ ದೇಶದ ಕೆಲವು ಹುಲ್ಲಿಂದ. ನಿಮ್ಮ ಬದುವಿನ ಹುಲ್ಲನ್ನ ಕೆಂಪಿ ಅವರಮ್ಮನ ಕಾಲದಿಂದ ತಿಂತಿಲ್ವಾ? ಏನಾದ್ರೂ ಆಯ್ತಾ?"

"ಇಲ್ಲ ಬುಡಪ್ಪ. ಇದ್ನ ಇವನು ಮೊದ್ಲೇ ಏಳಕೇನಾಗಿತ್ತು?"

(ಅರ್ಧ ಓದಿದವನು ಉಳಿದರ್ಧ ಎಲ್ಲಿಂದ ಹೇಳಲಿ? ನೀವಾದರೂ ಫಾರ್ವರ್ಡ್ ಮಾಡುವ ಮುಂಚೆ ಕೊನೆಯವರೆಗೆ ಓದುತ್ತೀರಾ?)

ಅಕ್ಕ ಒಂದು ತೆಕ್ಕೆ ಹಸಿ ಹುಲ್ಲು ತಂದು ಹಾಕಿದಳು. ಕೆಂಪಿ ತಲೆಯೆತ್ತದೆ ತಿಂದಿತು. ಅಬ್ಬಾ, ಬದುಕಿದೆ ಅನ್ನಿಸಿತು. ಅದೇ ಖುಷಿಯಲ್ಲಿ, "ಅಕ್ಕ, ಮುದ್ದೆ ಆಯ್ತಾ?" ಅಂದೆ.

ಅಕ್ಕ ಕುಡುಗೋಲು ತಂದು ನನ್ನ ಕೈಗಿಟ್ಟಳು.

"ಉಂಡಿದ್ದುಕ್ಕೆ ಬೂಷ್ಟೂ ಕೆಲ್ಸ ಮಾಡ್ತದಂತೆ. ನಿಂದೇನ್ಲಾ?"